ಒಂದು ‘ಹೂಂ’, ಹನ್ನೊಂದು ಮೋಟಾರ್ ಸೈಕಲ್ಲು

ವಾಚಿನವರು ಮೋಟಾರ್ ಸೈಕಲ್ ತಜ್ಞರಾದದ್ದು ಒಂದು ಮಂಗಳವಾರ ಬೆಳಗ್ಗೆ, ಹತ್ತೂವರೆ ದಾಟಿ ಎರಡು ನಿಮಿಷಕ್ಕೆ. ಇಷ್ಟು ನಿಖರವಾಗಿ ಹೇಳಲು ಕಾರಣವಿದೆ. ಅವರ ರಿಪೇರಿ ಅಂಗಡಿಯ ಗೋಡೆಯ ಮೇಲೆ ಆಗ ಹದಿನೇಳು ಗಡಿಯಾರಗಳಿದ್ದವು. ಅವುಗಳಲ್ಲಿ ನಂಬಬಹುದಾದವು ಮೂರು. ಆ ಮೂರೂ ಅದೇ ಹೊತ್ತನ್ನು ತೋರಿಸುತ್ತಿದ್ದವು.

ಅದಕ್ಕೆ ಮೊದಲು ಅವರಿಗೂ ಮೋಟಾರ್ ಸೈಕಲ್ಲಿಗೂ ಇದ್ದ ಸಂಬಂಧವೆಂದರೆ ರಸ್ತೆ ದಾಟುವಾಗ ಎರಡೂ ಕಡೆ ನೋಡುವುದು, ಅಷ್ಟೇ. ಮೋಟಾರಿನ ಮಾತು ಹಾಗಿರಲಿ, ಬರಿಯ ಸೈಕಲ್ಲೂ ಅವರಿಗೆ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಹತ್ತಿ, ದೀಪದ ಕಂಬಕ್ಕೆ ಗುದ್ದಿ ಇಳಿದವರು ಮತ್ತೆ ಹತ್ತಿರಲಿಲ್ಲ. ಈ ಸಂಗತಿ ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ. ಕಂಬಕ್ಕೂ ಗೊತ್ತಿತ್ತು, ಆದರೆ ಅದು ಬಾಯಿಬಿಡುವ ಪೈಕಿ ಅಲ್ಲ.

ಅವರ ಅಂಗಡಿಯನ್ನು ಯಾರೂ ಕಟ್ಟಿದ್ದಲ್ಲ. ಇಸ್ತ್ರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಉಳಿದುಹೋಗಿದ್ದ ಸಂದಿಗೆ ಯಾರೋ ಬಾಗಿಲು ಇಟ್ಟಿದ್ದರು. ಒಳಗೆ ಒಂದು ಮೇಜು, ಒಂದು ಸ್ಟೂಲು, ಹದಿನೇಳು ಗಡಿಯಾರ, ಒಬ್ಬ ಮನುಷ್ಯ. ಈ ಮನುಷ್ಯ ಕಾಲು ಚಾಚಿದರೆ ಪಾದ ಫುಟ್‌ಪಾತಿನಲ್ಲಿ ಇರುತ್ತಿತ್ತು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತಿದ್ದರು. ಯಾರ ಗೋಜಿಗೂ ಹೋದವರಲ್ಲ.

ಆ ಮಂಗಳವಾರ ಅವರು ಹೆಂಗಸರ ಕೈಗಡಿಯಾರವೊಂದನ್ನು ಬಿಚ್ಚಿದ್ದರು. ಅದರ ಸ್ಕ್ರೂ ಎಳ್ಳುಕಾಳಿನ ಕಾಲುಭಾಗ. ಚಿಮಟದಿಂದ ಅದು ಚಂಗನೆ ನೆಗೆದು, ಹೊಸಿಲಿಗೆ ಬಡಿದು, ಹೊರಗೆ ಹಾರಿತು. ಹೊರಗೆ ಆಗಷ್ಟೇ ಒಂದು ಹಳೆಯ ಮೋಟಾರ್ ಸೈಕಲ್ ಬಂದು ನಿಂತಿತ್ತು. ಅದನ್ನು ಮಾರಲು ತಂದವನು ವಿಮೆ ಏಜೆಂಟ್. ಕೊಳ್ಳಲು ನಿಂತವನು ಇಸ್ತ್ರಿಯವ. ಸ್ಕ್ರೂ ನೇರವಾಗಿ ಇಂಜಿನ್ನಿನ ಅಡಿಗೆ ಹೋಯಿತು.

ವಾಚಿನವರು ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, ಗಾಡಿಯ ಕೆಳಗೆ ಬೋರಲು ಮಲಗಿಬಿಟ್ಟರು.

“ಏನ್ ಮಾಡ್ತಿದಾರೆ ಇವರು?” ಏಜೆಂಟ್ ಕೇಳಿದ.

ಏನೆಂದು ಇಸ್ತ್ರಿಯವನಿಗೂ ತಿಳಿಯಲಿಲ್ಲ. ಆದರೆ ವ್ಯಾಪಾರದ ಹೊತ್ತಿನಲ್ಲಿ ತಿಳಿಯದ್ದನ್ನು ತೋರಿಸಿಕೊಳ್ಳುವ ಜಾತಿ ಅವನದಲ್ಲ. “ನಮ್ಮ ಕಡೆಯವರು. ನೋಡ್ಲಿ ಬಿಡಿ,” ಅಂದ.

“ಇಲ್ಲೇ ಎಲ್ಲೋ ಇದೆ,” ವಾಚಿನವರ ದನಿ ಕೆಳಗಿನಿಂದ ಬಂತು. “ಎಲ್ಲಿಗೆ ಹೋಗತ್ತೆ? ಸಿಗೋವರೆಗೂ ಏಳಲ್ಲ ನಾನು.”

ಏಜೆಂಟನ ಹಣೆಯಲ್ಲಿ ಬೆವರೊಡೆಯಿತು. “ಏನ್ ಸಾರ್ ಅದು, ಸಿಗೋದು?”

ಅಷ್ಟರಲ್ಲಿ ಸ್ಕ್ರೂ ಸಿಕ್ಕಿತ್ತು. ಅದು ಮತ್ತೆ ಹಾರಿಹೋಗದಿರಲೆಂದು ವಾಚಿನವರು ಅದನ್ನು ತುಟಿಗಳ ನಡುವೆ ಬಿಗಿಯಾಗಿ ಹಿಡಿದುಕೊಂಡು ಎದ್ದರು. ವಾಚ್ ರಿಪೇರಿಯವರೆಲ್ಲ ಹೀಗೇ ಮಾಡುತ್ತಾರೆ. ಎರಡು ಕೈಗೂ ಕೆಲಸವಿದ್ದಾಗ ತುಟಿಯೇ ಡಬ್ಬಿ. ಹಾಗಾಗಿ ಅವರಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಭೂತಗನ್ನಡಿಯೊಳಗಿಂದ ದೊಡ್ಡದಾಗಿ ಕಾಣುತ್ತಿದ್ದ ಕಣ್ಣಿನಲ್ಲಿ ಏಜೆಂಟನನ್ನು ನೋಡಿ ಮೂಗಿನಿಂದ, “ಹೂಂ,” ಅಂದರು.

“ಆಯಿಲ್ ಸೋರತ್ತೆ ಸಾರ್, ನಿಜ,” ಏಜೆಂಟ್ ಅಂದ. “ಬರೋಕೆ ಮುಂಚೆ ಬಟ್ಟೇಲಿ ಒರೆಸ್ಕೊಂಡು ಬಂದೆ.”

“ಹೂಂ?”

“ಮೀಟರ್ ಹಿಂದಕ್ಕೆ ತಿರುಗಿಸಿದ್ದೂ ನಿಜ.”

“ಹೂಂ!”

“ಸಾರ್, ಕಾಲುವೆಗೆ ಬಿದ್ದಿದ್ದು ಒಂದೇ ಸಲ! ಅದೂ ನಾನಲ್ಲ, ನನ್ನ ಷಡ್ಡಕ!”

ವಾಚಿನವರು ತಲೆಯಾಡಿಸಿ ಒಳಗೆ ಹೋಗಿ, ಸ್ಕ್ರೂ ಕೂರಿಸಲು ತೊಡಗಿದರು. ಏಜೆಂಟ್ ಗಾಡಿ ಹತ್ತಿ ಪರಾರಿಯಾದ. ಇಸ್ತ್ರಿಯವ ಮಾತ್ರ ಕೈಯಲ್ಲಿದ್ದ ಅಂಗಿಯನ್ನು ಎದೆಗವಚಿಕೊಂಡು, ಕಣ್ಣು ಕಣ್ಣು ಬಿಡುತ್ತ ಅಂಗಡಿಯ ಬಾಗಿಲಿಗೆ ಬಂದ.

“ಅಲ್ಲ, ಮುಟ್ಟದೇ, ಸ್ಟಾರ್ಟೂ ಮಾಡದೇ ಹೇಗೆ ಹೇಳಿದ್ರಿ?”

“ನಾನೇನೂ ಹೇಳ್ಲಿಲ್ವಲ್ಲಯ್ಯ. ಸ್ಕ್ರೂ ಹುಡುಕ್ತಿದ್ದೆ.”

“ಅದೇ ಮತ್ತೆ! ಎಲ್ಲರೂ ಟ್ಯಾಂಕ್ ನೋಡ್ತಾರೆ, ಸೀಟ್ ನೋಡ್ತಾರೆ. ನೀವು ಒಂದೊಂದು ಸ್ಕ್ರೂನೂ ಬಿಡಲಿಲ್ಲ!”

ಇಸ್ತ್ರಿಯವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಐದು ಬೀದಿಗೆ ಬಿದ್ದಂತೆ. ಮನೆಮನೆಗೆ ಬಟ್ಟೆ ತಲುಪಿಸುವಾಗ ಸುದ್ದಿಯನ್ನೂ ಮಡಿಕೆ ಮಾಡಿ ಇಟ್ಟು ಬರುತ್ತಿದ್ದ. ವಾಚಿನವರು ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು.

ಮನೆಯಲ್ಲಿ ಅತ್ತೆಯವರು ಇದ್ದರು. ಹೆಣ್ಣು ಕೊಟ್ಟ ಈ ಮಹಾತಾಯಿ ಹನ್ನೆರಡು ವರ್ಷಗಳಿಂದ ಅಳಿಯನ ಉದ್ಯೋಗವನ್ನು “ಅದೇ, ಆ ಟಿಕ್ ಟಿಕ್” ಎಂದೇ ಕರೆದುಕೊಂಡು ಬಂದವರು. ಅಂದು ಅವರೇ ಖುದ್ದಾಗಿ ಟೀ ತಂದುಕೊಟ್ಟರು. ಕುಡಿದು ಮುಗಿಯುವವರೆಗೆ ನಿಂತಿದ್ದು, ಲೋಟ ತೆಗೆದುಕೊಂಡು, “ಇನ್ನರ್ಧ ಕೊಡ್ಲಾ ಅಳಿಯಂದಿರೇ?” ಅಂದರು.

ಸತ್ಯ ಹೇಳಬೇಕೆಂದು ವಾಚಿನವರು ಬಾಯಿ ತೆರೆದದ್ದು ನಿಜ. ಆದರೆ ತೆರೆದ ಬಾಯಿಗೆ ಆ ಇನ್ನರ್ಧ ಟೀ ಬಂದು ಬಿತ್ತು. ಅವರನ್ನು ದೂರುವ ಮೊದಲು, ಹನ್ನೆರಡು ವರ್ಷ ಒಂದೇ ಲೋಟ ಟೀ ಕುಡಿದು ನೋಡಬೇಕು.

ಆಮೇಲೆ ಹೇಳಬೇಕಾದ್ದೇನಿದೆ? ಹಳೆ ಗಾಡಿ ಕೊಳ್ಳುವ ಪ್ರತಿಯೊಬ್ಬನೂ ವಾಚಿನವರ ಬಾಗಿಲಿಗೆ ಬಂದ. ವಾಚಿನವರು ತಮ್ಮದೇ ಒಂದು ಕ್ರಮ ಮಾಡಿಕೊಂಡರು. ಭೂತಗನ್ನಡಿ ಸಿಕ್ಕಿಸಿಕೊಳ್ಳುವುದು, ಗಾಡಿಯ ಸುತ್ತ ಒಂದು ಸುತ್ತು ಬರುವುದು, ಎಲ್ಲಾದರೂ ಒಂದು ಕಡೆ ಬಗ್ಗಿ ಹತ್ತು ಎಣಿಸುವುದು, ಎದ್ದು ಮಾರುವವನ ಮುಖ ನೋಡುವುದು, ‘ಹೂಂ’ ಅನ್ನುವುದು. ಗಾಡಿಯ ಯಾವ ಭಾಗದ ಹೆಸರನ್ನೂ ಅಪ್ಪಿತಪ್ಪಿಯೂ ಹೇಳುತ್ತಿರಲಿಲ್ಲ, ಯಾಕೆಂದರೆ ಗೊತ್ತಿರಲಿಲ್ಲ. ಉಳಿದದ್ದನ್ನು ಮಾರುವವನೇ ಹೇಳುತ್ತಿದ್ದ. ಮೂರನೆಯ ಗಾಡಿಯವನು ಬ್ರೇಕು ಹಿಡಿಯುವುದಿಲ್ಲವೆಂದು ಒಪ್ಪಿಕೊಂಡ. ಐದನೆಯವನು ಇಂಜಿನ್ ಒಂದು ಗಾಡಿಯದು, ಚಕ್ರ ಇನ್ನೊಂದರದು ಎಂದ. ಏಳನೆಯವನ ಗಾಡಿಯಲ್ಲಿ ಏನೂ ದೋಷವಿರಲಿಲ್ಲ. ಆ ಪಾಪದ ಮನುಷ್ಯ ‘ಹೂಂ’ ತಡೆಯಲಾರದೆ, ಆಫೀಸಿಗೆ ಹೊಟ್ಟೆನೋವೆಂದು ಹೇಳಿ ಬಂದಿದ್ದೇನೆಂದು ಬಾಯಿಬಿಟ್ಟ. ಪಕ್ಕದಲ್ಲಿ ನಿಂತಿದ್ದ ಕೊಳ್ಳುವವನು ಅವನ ಮೇಲಧಿಕಾರಿಯ ಮೈದುನ ಎಂಬುದು ಬೇರೆ ಮಾತು.

ಹತ್ತನೆಯದಕ್ಕೆ ಪೊಲೀಸ್ ಸ್ಟೇಷನ್ನಿನಿಂದ ಜೀಪೇ ಬಂತು. ತಮ್ಮನ್ನೇ ಹಿಡಿಯಲು ಬಂದರೆಂದು ವಾಚಿನವರು ಅಂಗಡಿಯ ಬಾಗಿಲು ಎಳೆದುಕೊಂಡರು. ನೋಡಿದರೆ, ಹಿಡಿದು ತಂದ ಗಾಡಿಗಳನ್ನು ಹರಾಜು ಹಾಕುವುದಿತ್ತು. ಇನ್ಸ್‌ಪೆಕ್ಟರ್ ಸಾಹೇಬರಿಗೆ ಭಾವಮೈದುನನಿಗಾಗಿ ಅದರಲ್ಲೊಂದು ಬೇಕಿತ್ತು. ಸ್ಟೇಷನ್ನಿನ ಹಿತ್ತಲಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳ ಮುಂದೆ ವಾಚಿನವರು ಬಗ್ಗಿದರು, ಎದ್ದರು, ಸುತ್ತ ನಿಂತಿದ್ದ ಪೊಲೀಸರ ಕಡೆ ಸುಮ್ಮನೆ ಒಮ್ಮೆ ಕಣ್ಣು ಹಾಯಿಸಿದರು. “ಹೂಂ.”

“ಸಾರ್, ಬ್ಯಾಟರಿ ಮಾತ್ರ ನಾನು ತಗೊಂಡಿದ್ದು,” ಒಬ್ಬ ಕಾನ್‌ಸ್ಟೇಬಲ್ ಅಂದ. “ಕನ್ನಡಿ ನಂದಲ್ಲ, ಇವನದು.”

“ಲೇ, ಪೆಟ್ರೋಲ್ ಯಾರು ಇಳಿಸಿದ್ದು ಅಂತಾನೂ ಹೇಳು ಮತ್ತೆ!”

“ಅದು ರೈಟರ್ ಸಾರು!”

ಇನ್ಸ್‌ಪೆಕ್ಟರ್ ಕೂಡ ಒಮ್ಮೆ ಕೆಮ್ಮಿದರು. ಅವರ ಮುಖ ನೋಡಿದರೆ ಅವರೂ ಏನೋ ಹೇಳುವವರಿದ್ದಂತೆ ಕಂಡಿತು. ಆದರೆ ವಾಚಿನವರು ಬುದ್ಧಿವಂತಿಕೆಯಿಂದ ಭೂತಗನ್ನಡಿ ತೆಗೆದು ಜೇಬಿಗಿಟ್ಟುಕೊಂಡರು. ಇಂಥ ಹೊತ್ತಿನಲ್ಲಿ ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರುವುದೂ ಒಂದು ವಿದ್ಯೆಯೇ.

ಹೀಗೆ ವಾಚಿನವರು ಅಟ್ಟ ಹತ್ತಿ ಕುಳಿತಿದ್ದಾಗ ಏಣಿ ತೆಗೆಯಲು ಬಂದವಳು ನಾದಿನಿ, ಹೆಂಡತಿಯ ತಂಗಿ.

ಅವಳು ನರ್ಸು. ಆಸ್ಪತ್ರೆಯವರು ಅವಳಿಗೆ ಹೊಸ ಕೆಲಸ ಕೊಟ್ಟಿದ್ದರು: ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು. ಊರಾಚೆಯ ಗುಡ್ಡದ ಮೇಲಿನ ಬಡಾವಣೆಗಳೆಲ್ಲ ಅವಳ ಪಾಲಿಗೆ ಬಂದಿದ್ದವು. ಷರತ್ತು ಒಂದೇ, ಸ್ವಂತ ಗಾಡಿ ಇರಬೇಕು. ಸೋಮವಾರದೊಳಗೆ ಗಾಡಿ ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವಳಿಗೆ. ಈ ಕೆಲಸಕ್ಕಾಗಿ ಅವಳು ಎರಡು ವರ್ಷ ಕಾದಿದ್ದಳು. ಓಡಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಬೇಕಾದದ್ದು ಗಾಡಿ, ಅದೂ ನಂಬುವಂಥದ್ದು.

“ಅದಕ್ಕೇನು,” ಅತ್ತೆ ಅಂದರು. “ಮನೇಲೇ ಇಷ್ಟು ದೊಡ್ಡ ಮನುಷ್ಯರಿದಾರೆ. ಅಳಿಯಂದಿರು ಒಂದು ಸಲ ಹೂಂ ಅಂದ್ರೆ ಸಾಕು, ನಾನು ಕಣ್ಣು ಮುಚ್ಚಿ ಮಗಳನ್ನ ಕಳಿಸ್ತೀನಿ.”

ವಾಚಿನವರು ಕೈಯಲ್ಲಿದ್ದ ಟೀಯನ್ನು ಅರ್ಧಕ್ಕೇ ಕೆಳಗಿಟ್ಟರು.

ಅತ್ತೆ ಆಚೆ ಹೋದ ಮೇಲೆ ಹೆಂಡತಿ ಅಡುಗೆಮನೆಗೆ ಕರೆದಳು. ಅವಳು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಂಡನಿಗೆ ಮರ್ಯಾದೆ ಸಿಗುವುದು ಅವಳಿಗೂ ಹಿತವಾಗಿಯೇ ಇತ್ತು.

“ರೀ, ಬೇರೆಯವರ ವಿಷಯ ಬಿಡಿ. ಅವಳು ಆ ಗುಡ್ಡದ ಇಳಿಜಾರಲ್ಲಿ ದಿನಾ ಓಡಾಡ್ಬೇಕು. ಹೇಳಿಬಿಡಿ.”

“ಹೇಳ್ತೀನಿ ಕಣೇ. ಭಾನುವಾರ ಗಾಡಿ ನೋಡ್ಕೊಂಡು ಬಂದ್ಮೇಲೆ.”

“ಬಂದ್ಮೇಲೆ ಹೇಳಿ ಏನು ಬಂತು?”

“ನೋಡು, ಮಾರೋರು ಹೆಂಗೂ ಎಲ್ಲ ಒಪ್ಕೋತಾರೆ. ಇಷ್ಟು ದಿನ ಆಗಿರೋದು ಅದೇ ತಾನೆ?”

“ಅವಳಿಗೇನಾದ್ರೂ ಆದ್ರೆ ನಿಮ್ಮನ್ನ ಮನೆ ಸೇರಿಸಲ್ಲ, ತಿಳ್ಕೊಳಿ,” ಅಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಭಾನುವಾರ ಬೆಳಗ್ಗೆ ಭಾವ ನಾದಿನಿ ಇಬ್ಬರೂ ಗುಡ್ಡದ ಮೇಲಿನ ಒಂದು ಮನೆಗೆ ಹೋದರು. ಗಾಡಿ ಅಲ್ಲಿತ್ತು. ದಾರಿಯುದ್ದಕ್ಕೂ ವಾಚಿನವರು ಜೇಬಿನಲ್ಲಿದ್ದ ಭೂತಗನ್ನಡಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಬಾಗಿಲು ತೆರೆಯಿತು. ಬಾಗಿಲಲ್ಲಿ ನಿಂತವರನ್ನು ನೋಡಿ ವಾಚಿನವರು ಒಂದು ಮೆಟ್ಟಿಲು ಹಿಂದಕ್ಕಿಳಿದರು.

ಅವರು ಹೆಡ್ ಮೇಡಂ. ಮೂವತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು, ಅದರಲ್ಲಿ ಹದಿನೈದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ವಾಚಿನವರು ಅವರ ಶಿಷ್ಯರಲ್ಲ, ಅದೊಂದು ಪುಣ್ಯ. ಆದರೆ ಎಂಟು ವರ್ಷದ ಹಿಂದೆ ಇದೇ ಮನೆಯ ಗೋಡೆ ಗಡಿಯಾರ ಅವರ ಅಂಗಡಿಗೆ ಬಂದಿತ್ತು. ಆ ಗಡಿಯಾರ ಈಗಲೂ ನಡುಮನೆಯ ಗೋಡೆಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು. ವಾಚಿನವರು ಅತ್ತ ನೋಡದೆ ಇತ್ತ ನೋಡಿದರು.

“ಗಾಡಿ ನಮ್ಮ ಯಜಮಾನ್ರದು,” ಹೆಡ್ ಮೇಡಂ ಅಂದರು. “ಹೋದ ವರ್ಷ ತೀರ್ಕೊಂಡ್ರು. ದಿನಾ ಬೆಳಗ್ಗೆ ಅವರು ಅದನ್ನ ಐದು ನಿಮಿಷ ಸ್ಟಾರ್ಟ್ ಮಾಡಿ ಇಡ್ತಿದ್ರು. ನಾನೂ ಹಾಗೇ ಮಾಡ್ಕೊಂಡು ಬಂದಿದೀನಿ. ಸ್ಟ್ಯಾಂಡ್ ಮೇಲೆ. ಓಡಿಸೋಕೆ ನನಗೆ ಬರಲ್ಲ. ಹೋದ ವಾರ ಒಬ್ಬನನ್ನ ಕರೆಸಿ ಎಲ್ಲ ತೊಳೆಸಿ, ಚೈನು ಬಿಚ್ಚಿಸಿ, ಸಾಫು ಮಾಡಿಸಿ ಹಾಕಿಸಿದೀನಿ. ಇಷ್ಟೇ ನನಗೆ ಗೊತ್ತಿರೋದು.”

ವಾಚಿನವರು ಭೂತಗನ್ನಡಿ ಸಿಕ್ಕಿಸಿದರು. ಸುತ್ತು ಬಂದರು. ಬಗ್ಗಿದರು. ಹತ್ತು ಎಣಿಸಿದರು. ಎದ್ದು, ಹೆಡ್ ಮೇಡಂ ಮುಖ ನೋಡಿ, ಇದ್ದಬದ್ದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿ, “ಹೂಂ,” ಅಂದರು.

ಹೆಡ್ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಅದರ ಮೇಲಿಂದ ವಾಚಿನವರನ್ನು ನೋಡಿದರು. ಆ ನೋಟದ ಮುಂದೆ ಮೂವತ್ತೆಂಟು ವರ್ಷಗಳ ಕಾಲ ಮಕ್ಕಳು ನಿಂತಿದ್ದಾರೆ: ಕಾಪಿ ಹೊಡೆದವರು, ಸೀಮೆಸುಣ್ಣ ಕದ್ದವರು, ಅಪ್ಪನ ಸಹಿ ತಾವೇ ಹಾಕಿದವರು. ಒಬ್ಬನೂ ಅರ್ಧ ನಿಮಿಷಕ್ಕಿಂತ ಹೆಚ್ಚು ತಡೆದದ್ದಿಲ್ಲ.

“ಹೂಂ,” ಅಂದರು ಹೆಡ್ ಮೇಡಂ.

ನಾದಿನಿ ಇಬ್ಬರನ್ನೂ ನೋಡಿದಳು. ಇಬ್ಬರೂ ಮಾತಾಡುವ ಹಾಗೆ ಕಾಣದ್ದರಿಂದ, “ನಾನೊಂದು ಸುತ್ತು ಓಡಿಸಿ ನೋಡ್ತೀನಿ,” ಎಂದು ಕಿಕ್ ಹೊಡೆದು ಬೀದಿಗೆ ಹೋದಳು. ಇಂಜಿನ್ನು ಮೊದಲ ಒದೆತಕ್ಕೇ ಹತ್ತಿಕೊಂಡಿತು.

ಅಂಗಳದಲ್ಲಿ ಇಬ್ಬರೇ ಉಳಿದರು. ಒಳಗಿನ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಆರನೆಯ ಟಿಕ್ಕಿಗೆ ಭೂತಗನ್ನಡಿ ಕಣ್ಣಿನಿಂದ ತಾನಾಗಿಯೇ ಜಾರಿ ಕೈಗೆ ಬಿತ್ತು.

“ನನಗೇನೂ ಗೊತ್ತಿಲ್ಲ ಅಮ್ಮಾ,” ಅಂದರು.

“ಏನು ಗೊತ್ತಿಲ್ಲ?”

“ಮೋಟಾರ್ ಸೈಕಲ್ ಬಗ್ಗೆ ಏನೂ ಗೊತ್ತಿಲ್ಲ. ಓಡಿಸೋಕೂ ಬರಲ್ಲ. ಸೈಕಲ್ಲೂ ಬರಲ್ಲ. ಅವತ್ತು ನಾನು ಸ್ಕ್ರೂ ಹುಡುಕ್ತಿದ್ದೆ. ಆಮೇಲೆ ನಮ್ಮತ್ತೆ ಇನ್ನರ್ಧ ಟೀ ಕೊಟ್ರು...”

ಒಮ್ಮೆ ಕಟ್ಟೆ ಒಡೆದ ಮೇಲೆ ಕೇಳಬೇಕೆ? ಕಾಲುವೆಗೆ ಬಿದ್ದ ಷಡ್ಡಕನಿಂದ ಹಿಡಿದು ಪೊಲೀಸ್ ಸ್ಟೇಷನ್ನಿನ ಬ್ಯಾಟರಿಯವರೆಗೆ ಎಲ್ಲವೂ ಹೊರಬಿತ್ತು. ಹೆಡ್ ಮೇಡಂ ಅಲುಗಾಡದೆ ಕೇಳಿದರು.

“ಹೂಂ,” ಮತ್ತೊಮ್ಮೆ ಅಂದರು.

“ಇನ್ನೂ ಒಂದಿದೆ,” ವಾಚಿನವರು ಬಿಕ್ಕಳಿಸುವವರಂತೆ ಅಂದರು. “ಒಳಗಿರೋ ಗಡಿಯಾರ. ಎಂಟು ವರ್ಷದ ಹಿಂದೆ ಹೊಸ ಸ್ಪ್ರಿಂಗ್ ಹಾಕಿದೀನಿ ಅಂದಿದ್ದೆ. ಹಾಕಿರಲಿಲ್ಲ. ಅದೇ ಹಳೇದನ್ನೇ ಒರೆಸಿ ಹಾಕಿದ್ದೆ. ಹೊಸದು ಸಿಕ್ಕಿರಲಿಲ್ಲ, ಸಿಕ್ಮೇಲೆ ಹಾಕೋಣ ಅಂತಿದ್ದೆ, ಅಷ್ಟರಲ್ಲಿ ನಿಮ್ಮ ಯಜಮಾನ್ರು ಬಂದು ತಗೊಂಡು ಹೋಗಿಬಿಟ್ರು.”

ಹೆಡ್ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಅದಕ್ಕೇನಾ ದಿನಾ ಆರು ನಿಮಿಷ ಹಿಂದೆ ಬೀಳೋದು? ಪ್ರತಿದಿನ ಬೆಳಗ್ಗೆ ಯಜಮಾನ್ರು ಗಾಡಿ ಸ್ಟಾರ್ಟ್ ಮಾಡಿಟ್ಟು ಬಂದು, ಕುರ್ಚಿ ಹತ್ತಿ, ಮುಳ್ಳು ಸರಿ ಮಾಡ್ತಿದ್ರು. ನಿಮ್ಮ ಹತ್ರ ವಾಪಸ್ ಕೊಡಿ ಅಂದ್ರೆ ಕೇಳ್ತಿರಲಿಲ್ಲ. ‘ಪಾಪ, ಅವನು ಒಳ್ಳೆಯವನು, ನನಗೂ ಒಂದು ಕೆಲಸ ಇರ್ಲಿ’ ಅಂತಿದ್ರು.”

ವಾಚಿನವರಿಗೆ ಬೈಸಿಕೊಂಡಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಕಣ್ಣು ತುಂಬಿಬಂತು. “ಅಮ್ಮಾ, ಲೋಲಕ...” ಎಂದು ಇನ್ನೇನೋ ಶುರು ಮಾಡಿದರು. ಅಷ್ಟರಲ್ಲಿ ನಾದಿನಿ ಗಾಡಿಯೊಂದಿಗೆ ಅಂಗಳಕ್ಕೆ ಬಂದಳು. ಲೋಲಕದ ಮಾತು ಅಲ್ಲಿಗೇ ನಿಂತಿತು.

ಹೆಡ್ ಮೇಡಂ ಏನನ್ನೂ ಮುಚ್ಚಿಡಲಿಲ್ಲ. “ನೋಡಮ್ಮ, ನಿಮ್ಮ ಭಾವನಿಗೆ ಗಾಡಿ ಬಗ್ಗೆ ಏನೂ ಗೊತ್ತಿಲ್ವಂತೆ. ಅವರೇ ಹೇಳಿದ್ರು.”

ನಾದಿನಿ ಹೌಹಾರಲಿಲ್ಲ. “ನನಗೆ ಮೊದಲ ದಿನಾನೇ ಅನುಮಾನ ಇತ್ತು ಭಾವ. ಗಾಡಿ ಪರೀಕ್ಷೆ ಮಾಡೋರು ಅದರ ಮೇಲೆ ಒಂದ್ಸಲನಾದ್ರೂ ಕೂತ್ಕೊಂಡು ನೋಡ್ತಾರೆ,” ಅಂದಳು. ಆಮೇಲೆ ಅವಳು ರೋಗಿಯ ಮನೆಯವರನ್ನು ಕೇಳುವ ಹಾಗೆ ಕೇಳತೊಡಗಿದಳು. ಎಷ್ಟು ವರ್ಷ ಆಯ್ತು? ಒಬ್ಬರೇ ಓಡಿಸ್ತಿದ್ದದ್ದಾ? ಎಲ್ಲಾದರೂ ಬಿದ್ದಿತ್ತಾ? ಕೊನೇ ಸಲ ಆಯಿಲ್ ಬದಲಾಯಿಸಿದ್ದು ಯಾವಾಗ? ಹೆಡ್ ಮೇಡಂ ಗಂಡನ ಒಂದು ನೋಟ್‌ಬುಕ್ ತಂದುಕೊಟ್ಟರು. ಅದರಲ್ಲಿ ಹದಿಮೂರು ವರ್ಷದ ರಿಪೇರಿಗಳೆಲ್ಲ ತಾರೀಖು ಸಮೇತ ಇದ್ದವು. ನಾದಿನಿ ಕುಳಿತು ಪೂರ್ತಿ ಓದಿದಳು. ಓದಿ, “ತಗೋತೀನಿ,” ಅಂದಳು.

ಪರೀಕ್ಷೆ ಮಾಡುವುದೆಂದರೆ ಇಷ್ಟೇ ಎಂದು ವಾಚಿನವರಿಗೆ ಆಗ ತಿಳಿಯಿತು.

ಮನೆಗೆ ಹೋಗುವಾಗ ಅವರು ಜೀವಮಾನದಲ್ಲಿ ಮೊದಲ ಬಾರಿಗೆ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕುಳಿತರು. ಸೀಟಿನ ಹಿಂದಿದ್ದ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದರೆ ಕಿವಿ ತೆರೆಯುತ್ತದೆ. ಇಪ್ಪತ್ತೈದು ವರ್ಷ ಹದಿನೇಳು ಗಡಿಯಾರಗಳ ನಡುವೆ ಕುಳಿತು, ಯಾವುದು ತಪ್ಪು ಬಡಿಯುತ್ತಿದೆ ಎಂದು ಕತ್ತೆತ್ತದೆ ಹೇಳುತ್ತಿದ್ದ ಕಿವಿ ಅದು. ಮೂರನೆಯ ತಿರುವು ದಾಟಿದ ಮೇಲೆ, ಇಂಜಿನ್ನಿನ ಅಷ್ಟು ಸದ್ದಿನ ಅಡಿಯಲ್ಲಿ ಅವರಿಗೆ ಅದು ಕೇಳಿಸಿತು.

ಟಿಕ್.

ಸ್ವಲ್ಪ ಹೊತ್ತು ಬಿಟ್ಟು, ಟಿಕ್.

“ನಿಲ್ಸು,” ಅಂದರು.

“ಹೆದರ್ಬೇಡಿ ಭಾವ. ನಿಧಾನವಾಗೇ ಹೋಗ್ತಿದೀನಿ.”

“ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕಲ್ಲ. ಏನೋ ಬಡೀತಿದೆ.”

“ಈಗ ತಾನೆ ನನಗೇನೂ ಗೊತ್ತಿಲ್ಲ ಅಂದ್ರಲ್ಲ!”

ಅದು ನ್ಯಾಯವಾದ ಮಾತೇ. ಹತ್ತು ಸಲ ಸುಳ್ಳೇ ಹೂಂ ಎಂದವನು ಹನ್ನೊಂದನೆಯ ಸಲ ನಿಜ ಹೇಳಿದರೆ ಯಾರು ನಂಬಬೇಕು? ಮುಂದೆ ಗುಡ್ಡದ ಇಳಿಜಾರು ಕಾಣುತ್ತಿತ್ತು. ಅದರ ಕೊನೆಯಲ್ಲಿ ಲಾರಿಗಳು ಓಡಾಡುವ ದೊಡ್ಡ ರಸ್ತೆ. ವಾಚಿನವರಿಗೆ ಅಳು ಬರುವುದೊಂದು ಬಾಕಿ. ಮರ್ಯಾದೆ, ಅತ್ತೆ, ಟೀ ಒಂದೂ ಆಗ ನೆನಪಿರಲಿಲ್ಲ. ಮುಂದೆ ಕುಳಿತ ಹುಡುಗಿಯೊಬ್ಬಳೇ ನೆನಪಿದ್ದದ್ದು.

“ನೀನು ನಾಡಿ ನೋಡ್ತೀಯಲ್ಲಮ್ಮಾ,” ಅವಳ ಕಿವಿಯ ಹತ್ತಿರ ಕೂಗಿದರು. “ಹಾಗೇ ನೋಡು. ಒಂದ್ಸಲ ಜೋರು ಮಾಡು, ಆಮೇಲೆ ನಿಧಾನ ಮಾಡು. ಇಂಜಿನ್ ಬಿಟ್ಟುಬಿಡು, ಅದರ ಹಿಂದೆ ಬರೋದನ್ನ ಕೇಳು. ಗಾಡಿ ಜೋರಾದ್ರೆ ಅದೂ ಜೋರಾಗತ್ತೆ. ಎಣಿಸು!”

ನಾಡಿಯ ಮಾತು ಬಂದದ್ದಕ್ಕೋ ಏನೋ, ಅವಳು ಕಿವಿ ಕೊಟ್ಟಳು. ಸ್ವಲ್ಪ ಜೋರು ಮಾಡಿದಳು, ನಿಧಾನ ಮಾಡಿದಳು. ಆಮೇಲೆ ಇಳಿಜಾರಿಗೆ ಹತ್ತು ಮಾರು ಹಿಂದೆಯೇ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು.

ಇಂಜಿನ್ ಆರಿಸಿ ಅವಳು ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ವಾಚಿನವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ತೆವಳಿದರು. ಚಕ್ರ ಎರಡೂವರೆ ಸುತ್ತು ತಿರುಗಿತು: ಟಿಕ್. ಮತ್ತೆ ಎರಡೂವರೆ ಸುತ್ತು: ಟಿಕ್. ವಾಚಿನವರು ಭೂತಗನ್ನಡಿ ಸಿಕ್ಕಿಸಿಕೊಂಡು ಬೋರಲು ಮಲಗಿದರು. ಚೈನಿನ ಎರಡು ತುದಿಗಳನ್ನು ಸೇರಿಸುವ ಕೊಂಡಿಗೆ ಒಂದು ಪುಟ್ಟ ಕ್ಲಿಪ್ಪು ಇರುತ್ತದೆ. ತೊಳೆಯಲೆಂದು ಬಿಚ್ಚಿದವನು ಅದನ್ನು ಪೂರ್ತಿ ಒಳಗೆ ಒತ್ತಿರಲಿಲ್ಲ. ಒಂದು ಕಡೆ ಕಳಚಿಕೊಂಡು ಈಚೆ ಚಾಚಿಕೊಂಡಿತ್ತು. ಚೈನು ಒಂದು ಸುತ್ತು ಬಂದಾಗಲೆಲ್ಲ ಮೇಲಿನ ತಗಡಿಗೆ ತಗಲುತ್ತಿತ್ತು. ಸ್ಟ್ಯಾಂಡಿನ ಮೇಲೆ ಇಂಜಿನ್ ಮಾತ್ರ ಓಡಿಸಿದರೆ ಚೈನು ತಿರುಗುವುದಿಲ್ಲ, ಹಾಗಾಗಿ ಹೆಡ್ ಮೇಡಂ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಕೆಳಗಿನ ಗ್ಯಾರೇಜಿನವರೆಗೆ ಇಬ್ಬರೂ ಗಾಡಿಯನ್ನು ತಳ್ಳಿಕೊಂಡು ಹೋದರು. ಮೆಕ್ಯಾನಿಕ್ ಬಗ್ಗಿ ನೋಡಿ ಶಿಳ್ಳೆ ಹಾಕಿದ.

“ಇಳಿಜಾರಲ್ಲಿ ಇದು ಹಾರಿ, ಚೈನ್ ಚಕ್ರಕ್ಕೆ ಸುತ್ಕೊಂಡಿದ್ರೆ ಗಾಡಿ ಅಲ್ಲೇ ಕಚ್ಕೊಂಡು ನಿಲ್ತಿತ್ತು. ನೀವು ನಿಲ್ತಿರಲಿಲ್ಲ,” ಅಂದ. ಹೊಸ ಕ್ಲಿಪ್ಪು ಹಾಕಿ ಒತ್ತಿ ಕೊಟ್ಟ. “ಉಳಿದಿದ್ದೆಲ್ಲ ಚಿನ್ನದಂಥ ಗಾಡಿ. ಅಲ್ಲಾ, ಇಷ್ಟು ಸಣ್ಣ ಸದ್ದು ಕಂಡುಹಿಡಿದಿದ್ದು ಯಾರು?”

ನಾದಿನಿ ಭಾವನನ್ನು ತೋರಿಸಿದಳು.

“ಮನೇಲಿ ಎಲ್ಲ ಹೇಳಿಬಿಡ್ತೀನಿ,” ವಾಚಿನವರು ಅಂದರು. “ಸ್ಕ್ರೂ ವಿಷಯಾನೂ.”

“ಹೇಳಿ ಭಾವ,” ಅಂದಳು. “ಈ ಕ್ಲಿಪ್ಪಿನ ವಿಷಯ ನಾನು ಹೇಳ್ತೀನಿ.”

ಹೇಳಿದರು. ಅತ್ತೆ ಮೊದಲನೆಯದನ್ನು ಕೇಳಿ ಟೀ ಲೋಟ ಹಿಂದಕ್ಕೆ ತೆಗೆದುಕೊಂಡರು. ಎರಡನೆಯದನ್ನು ಕೇಳಿ ಲೋಟವನ್ನು ತುಂಬಿಸಿ ತಂದು ಮುಂದಿಟ್ಟರು. ಹೆಂಡತಿ ಅಡುಗೆಮನೆಗೆ ಹೋದಳು. ಅಲ್ಲಿಂದ ಮೂಗು ಸೀಟುವ ಸದ್ದು ಕೇಳಿಸಿತು.

ಮಾರನೆಯ ದಿನದಿಂದ ವಾಚಿನವರು ಅಂಗಡಿಗೆ ಬಂದವರಿಗೆಲ್ಲ, “ನನಗೆ ಮೋಟಾರ್ ಸೈಕಲ್ ಬಗ್ಗೆ ಏನೂ ಗೊತ್ತಿಲ್ಲ,” ಎಂದು ಕಡ್ಡಿ ತುಂಡು ಮಾಡಿದಂತೆ ಹೇಳತೊಡಗಿದರು. “ಎಷ್ಟು ವಿನಯ ನೋಡ್ರಿ,” ಎಂದು ಇಸ್ತ್ರಿಯವ ಐದು ಬೀದಿಗೂ ಸುದ್ದಿ ಮುಟ್ಟಿಸಿದ. ಆ ಮನುಷ್ಯನನ್ನು ಸರಿ ಮಾಡಲು ಯಾರ ಕೈಯಲ್ಲೂ ಆಗುವುದಿಲ್ಲ.

ಮುಂದಿನ ಭಾನುವಾರ, ಗುಡ್ಡದ ಮೇಲೆ ಒಬ್ಬ ಅಜ್ಜನಿಗೆ ಪಟ್ಟಿ ಕಟ್ಟಲು ಹೊರಟಿದ್ದ ನಾದಿನಿ, ಭಾವನನ್ನು ಹೆಡ್ ಮೇಡಂ ಮನೆಯ ಮುಂದೆ ಇಳಿಸಿದಳು. ವಾಚಿನವರ ಚೀಲದಲ್ಲಿ ಹೊಚ್ಚ ಹೊಸ ಸ್ಪ್ರಿಂಗಿತ್ತು. ಕುರ್ಚಿ ಹತ್ತಿ ಗಡಿಯಾರ ಇಳಿಸಿದರು. ಒಂದು ಗಂಟೆ ಕೂತು ಸ್ಪ್ರಿಂಗ್ ಬದಲಾಯಿಸಿದರು. ಕೀಲಿ ಕೊಟ್ಟು, ಗೋಡೆಗೆ ತೂಗುಹಾಕಿ, ಮುಳ್ಳುಗಳನ್ನು ಸರಿಯಾದ ಹೊತ್ತಿಗೆ ಇಟ್ಟು, ಲೋಲಕಕ್ಕೆ ಮೆಲ್ಲಗೆ ಬೆರಳು ತಾಗಿಸಿ, ಇಳಿದು, ಕೈ ಒರೆಸಿಕೊಂಡರು.

“ಇನ್ಮೇಲೆ ಕುರ್ಚಿ ಹತ್ತೋ ಕೆಲಸ ಇರಲ್ಲ ಅಮ್ಮಾ. ಒಂದು ನಿಮಿಷಾನೂ ಹಿಂದೆ ಬೀಳಲ್ಲ.”

ಹೆಡ್ ಮೇಡಂ ಗಡಿಯಾರವನ್ನು ನೋಡಿದರು. ಆಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ವಾಚಿನವರನ್ನು ನೋಡಿದರು.

“ಹೂಂ,” ಅಂದರು.

ಹೊರಗೆ ನಾದಿನಿ ಬಂದು ಹಾರ್ನ್ ಹೊಡೆದಳು. ವಾಚಿನವರು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ನಿಂತರು. ಹಿಂದಿರುಗಿ ಬಂದು ಚೀಲ ಕೆಳಗಿಟ್ಟು, ಮತ್ತೆ ಕುರ್ಚಿ ಹತ್ತಿದರು.

“ಈ ಲೋಲಕ ನಿಮ್ಮದಲ್ಲ ಅಮ್ಮಾ,” ಅಂದರು. “ನಿಮ್ಮದನ್ನ ಅವತ್ತು ನಾನು ಬೀಳಿಸಿ ಮುರಿದುಬಿಟ್ಟಿದ್ದೆ.”